ನೀಲಿ ತಟ್ಟೆಯ ಗಿರಣಿ

ಸಿಂಚನಾ, ತನ್ಮಯಾ, ನಿಮ್ಮ ದೊಡ್ಡಜ್ಜ, ಅಂದರೆ ನನ್ನ ಗಂಡನ ಅಣ್ಣ, ದಿನಾ ಬೆಳಿಗ್ಗೆ ಕಾಫಿಗೆ ಮುಂಚೆ ಇಂಗ್ಲೆಂಡಿಗೆ ಹೋಗಿಬರುತ್ತಾರೆ. ಪಾಸ್‌ಪೋರ್ಟ್ ಇಲ್ಲ, ಎಷ್ಟೋ ಸಲ ಮೈಮೇಲೆ ಅಂಗಿಯೂ ಇಲ್ಲ! ಹೋಗುವುದು ತೋರುಬೆರಳಿನ ಮೇಲೆ.

ಅಮ್ಮತ್ತಿ ಕಡೆಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದಾಗ ಅವರು ಬಂಗಲೆಯ ಗೋಡೆಯ ಮೇಲೊಂದು ಚಿತ್ರ ನೋಡಿದ್ದರು. ಹೊಳೆದಂಡೆಯಲ್ಲಿ ನೂಲಿನ ಗಿರಣಿ, ಪುಟ್ಟ ಚರ್ಚು, ಶಾಲೆ, ಕೂಲಿಯವರ ಸಾಲುಮನೆಗಳು. ಎಸ್ಟೇಟಿನ ಹಳೇ ಇಂಗ್ಲಿಷ್ ದೊರೆಯ ಊರಂತೆ. ಕೈಗೆ ಮೊಬೈಲು ಬಂದದ್ದೇ ಅದರ ಮ್ಯಾಪಿನ ಬೀದಿಫೋಟೋಗಳಲ್ಲಿ ಆ ಊರನ್ನು ಹುಡುಕಿಯೇಬಿಟ್ಟರು. ಬೆರಳು ತಳ್ಳಿದರೆ ಬೀದಿ ಮುಂದಕ್ಕೆ ಹೋಗುತ್ತದೆ! ಅಲ್ಲಿನ ಅಂಚೆ ಕಚೇರಿಯ ಮುಂದೆ ಕೆಂಪು ಕೋಟಿನ ಹೆಂಗಸೊಬ್ಬಳು ಯಾವಾಗ ನೋಡಿದರೂ ನಿಂತೇ ಇರುತ್ತಾಳೆ.

"ಪಾಪ, ಮೂರು ವರ್ಷದಿಂದ ಬಸ್ಸಿಗೆ ಕಾಯ್ತಾವ್ಳೆ ಕಣೇ," ಎಂದರು ಭಾವ ಒಂದು ದಿನ.

"ಅವಳು ಫೋಟೋದಲ್ಲಿ ನಿಂತವಳು, ನಾನು ಒಲೆ ಮುಂದೆ ನಿಂತವಳು. ಮೊದ್ಲು ಕಾಯಿ ಸುಲ್ಕೊಡಿ!" ಎಂದರು ಅವರ ಹೆಂಡತಿ, ನನ್ನ ಓರಗಿತ್ತಿ ಅಕ್ಕ.

ಆ ಊರಿನ ಹಳೇ ಕಟ್ಟಡಗಳ ಗೋಡೆಗೆಲ್ಲ ದುಂಡನೆಯ ನೀಲಿ ಫಲಕ ಹೊಡೆದಿದ್ದಾರಂತೆ. ಶಿರಂಗಾಲದ ನಾವೇನು ಕಡಿಮೆ? ನಿಮ್ಮ ತಾತ ತೀರಿಕೊಂಡ ವರ್ಷ ಅಕ್ಕನ ಸ್ಟೀಲ್ ತಟ್ಟೆಗಳು ಒಂದೊಂದಾಗಿ ಮಾಯವಾದವು. ನೋಡಿದರೆ ನೀಲಿ ಬಣ್ಣ ಬಳಿದುಕೊಂಡು ಗೋಡೆ ಹತ್ತಿವೆ! ಕೋಳಿಗೂಡಿಗೆ 'ಐತಿಹಾಸಿಕ ಕಟ್ಟಡ'. ಬಚ್ಚಲಿಗೂ 'ಐತಿಹಾಸಿಕ ಕಟ್ಟಡ'. ಮೀಯಲು ಹೋದ ನೆಂಟರು ಚಪ್ಪಲಿ ಬಿಟ್ಟು ಕೈಮುಗಿಯಬೇಕೇ? ನಮ್ಮ ಅಟ್ಟದ ಮೇಲಿನದೂ ಒಂದು ತಟ್ಟೆ ಕಾಣೆಯಾಗಿತ್ತು. ಅದು ಯಾವ ಗೋಡೆ ಹತ್ತಿತೋ ಎಂದು ಕೇಳಲು ನನಗೆ ನಾಚಿಕೆ.

ನಿಮ್ಮ ತಾತನ ಹಿಟ್ಟಿನ ಗಿರಣಿ ಆಗ ಬೀಗ ಹಾಕಿಕೊಂಡು ಬಿದ್ದಿತ್ತು. ಜಾಗ ಇನ್ನೂ ಪಾಲಾಗಿರಲಿಲ್ಲ. ಅದನ್ನು ಕೆಡವಿ ಶುಂಠಿ ತೊಳೆಯುವ ಶೆಡ್ಡು ಹಾಕುವುದೆಂದು ನನ್ನ ಮೈದುನ ಕುಶಾಲನಗರದಿಂದ ಜೆಸಿಬಿಯನ್ನೇ ತಂದ. ನನಗಿದ್ದ ಆಸರೆ ಆ ಗಿರಣಿಯೊಂದೇ. ಆದರೆ ಗಂಡಸರ ಎದುರು ಬಾಯಿ ಬಿಡುವವಳೇ ನಾನು?

ಜೆಸಿಬಿಯವನು ಗಿರಣಿಯ ಬಾಗಿಲ ಮೇಲಿನ ನೀಲಿ ತಟ್ಟೆ ನೋಡಿ ಗಾಡಿ ನಿಲ್ಲಿಸಿದ. 'ಐತಿಹಾಸಿಕ ಕಟ್ಟಡ. ಮುಟ್ಟಿದರೆ ಶಿಕ್ಷೆ.'

"ಗೌರ್ಮೆಂಟ್ ಬೋರ್ಡು ಸಾರ್. ನಂಗ್ಯಾಕೆ ಬೇಕು?"

"ಅದು ಊಟದ ತಟ್ಟೆ ಕಣಯ್ಯಾ!" ಮೈದುನ ಕಿರುಚಿದ.

"ಊಟದ ತಟ್ಟೇಲಿ ಶಿಕ್ಷೆ ಅಂತ ಬರೀತಾರಾ ಸಾರ್?" ಎಂದವನೇ ಹೊರಟುಹೋದ.

"ಸರಿ, ಇದನ್ನ ನಡ್ಸೋರು ಯಾರು?" ಎಂದ ಮೈದುನ.

ತಮ್ಮನ ಹೆಂಡತಿಯೊಂದಿಗೆ ಭಾವ ನೇರವಾಗಿ ಮಾತಾಡುವ ಪದ್ಧತಿ ನಮ್ಮಲ್ಲಿಲ್ಲ. ಅಕ್ಕ ಹತ್ತಿರವಿಲ್ಲದಿದ್ದರೆ ಅವರು ನನಗೆ ಹೇಳಬೇಕಾದ್ದನ್ನು ಎದುರಿಗಿರುವ ಯಾವುದಾದರೂ ಕಂಬಕ್ಕೆ ಹೇಳುತ್ತಾರೆ. ಅವತ್ತೂ ಕಂಬಕ್ಕೇ ಹೇಳಿದರು: "ಆ ಊರಲ್ಲಿ ಮಿಲ್ಲು ನಡ್ಸಿದ್ದೇ ಹೆಂಗಸ್ರಂತಪ್ಪ."

ಎಲ್ಲರೂ ನನ್ನನ್ನೇ ನೋಡಿದರು. ಮುಖ ಮರೆಸಿಕೊಳ್ಳಲು ಬೀಗ ತೆಗೆದು ಗಿರಣಿಯೊಳಗೆ ಓಡಿದವಳು ಯಂತ್ರದ ಸ್ವಿಚ್ಚು ಹಾಕಿದೆ. ಆಹಾ, ಆ ಸದ್ದಿನಲ್ಲಿ ಯಾರೊಂದಿಗೂ ಮಾತೇ ಬೇಕಿಲ್ಲ! ನನ್ನಂಥವಳಿಗೆ ಹೇಳಿ ಮಾಡಿಸಿದ ಕೆಲಸ. ನಿಮ್ಮಪ್ಪನ ಓದು ಮುಗಿದದ್ದು ಆ ಗಿರಣಿಯಿಂದಲೇ.

ಈ ಮಳೆಗಾಲದ ಗಾಳಿಗೆ ತಟ್ಟೆ ಕೆಳಗೆ ಬಿತ್ತು. ತೊಳೆಯುವಾಗ ತಿರುಗಿಸಿ ನೋಡಿದೆ. ಹಿಂಬದಿಗೆ ಬಣ್ಣವೇ ಬಳಿದಿರಲಿಲ್ಲ. ನಮ್ಮ ಮದುವೆಯಲ್ಲಿ ಕೊರೆಸಿದ ನಿಮ್ಮ ತಾತನ ಹೆಸರು, ಪಕ್ಕದಲ್ಲಿ ನನ್ನದು. ಅವರು ದಿನವೂ ಉಣ್ಣುತ್ತಿದ್ದ ತಟ್ಟೆ. ಅವರು ಹೋದಮೇಲೆ ನೋಡಲೂ ಆಗದೆ, ಯಾರಿಗೂ ಕೊಡಲೂ ಆಗದೆ ಅಟ್ಟದ ಮೇಲಿಟ್ಟು ಅಳುತ್ತಿದ್ದೆ. ಇಷ್ಟು ವರ್ಷ ಅದರ ಕೆಳಗೇ ಕೂತು ಹಿಟ್ಟು ಬೀಸಿದ್ದೇನೆ.

ಮುಂಬದಿಗೆ ಹೊಸ ನೀಲಿ ಬಳಿದು ಮತ್ತೆ ಅಲ್ಲೇ ತೂಗುಹಾಕಿದೆ. ಭಾವ ಬಂದು ನೋಡಿದರು. ಅವತ್ತು ಕಂಬಕ್ಕೂ ಏನೂ ಹೇಳಲಿಲ್ಲ.

ಬಾಯಿಬಿಟ್ಟು ಹೇಳಲಾರದ್ದನ್ನು ಇಲ್ಲಿ ಬರೆದಿದ್ದೇನೆ, ಮಕ್ಕಳೇ. ಹಾಳೆಗಳಿಗೆ ಗಿರಣಿಯ ಹಿಟ್ಟು ಮೆತ್ತಿದೆ, ಕೊಡವಿಕೊಳ್ಳಿ. ಆ ತಟ್ಟೆ ಗೋಡೆಯ ಮೇಲಿರುವಷ್ಟು ಕಾಲ ಇವನ್ನೂ ಜೋಪಾನವಾಗಿಡಿ.