ಕ್ಯಾರವಾನಿಗೆ ಮೀನೆಣ್ಣೆ

ಆಗ ನನಗೆ ಅರವತ್ತೆಂಟು. ಅದಾಗಿ ಈಗ ಮೂರು ವರ್ಷ. ಆ ಪ್ರಾಯದಲ್ಲಿ ಬೇರೆ ಹೆಂಗಸರು ದೇವರ ನಾಮ ಹೇಳಿಕೊಂಡು ಒಂದು ಮೂಲೆಯಲ್ಲಿ ಕೂರುತ್ತಾರೆ. ನಾನು ಕತಾರಿನ ಸೆಕೆಯಲ್ಲಿ ಒಂದು ಹಳೆಯ ಕ್ಯಾರವಾನಿನ ಹೊಟ್ಟೆಯೊಳಗೆ ಕೂತು ಗೋಡೆಗೆ ಎಣ್ಣೆ ತಿಕ್ಕುತ್ತಿದ್ದೆ. ಯಾರೂ ಹೇಳಿ ಮಾಡಿಸಿದ್ದಲ್ಲ. ಎಲ್ಲರೂ ಬೇಡ ಎಂದದ್ದಕ್ಕೇ ಮಾಡಿದ್ದು.

ಮೊದಲು ನಮ್ಮ ಮನೆಯ ವಿಷಯ. ನನ್ನ ಅಳಿಯ ದಿನೇಶ ಊರಿಗೆ ಫೋನ್ ಮಾಡಿದಾಗಲೆಲ್ಲ, "ನಾವು ಅಲ್ ಅಜೀಜಿಯಾದಲ್ಲಿ ವಿಲ್ಲಾದಲ್ಲಿ ಇರುವುದು" ಎನ್ನುತ್ತಾನೆ. ಸುಳ್ಳಲ್ಲ. ವಿಲ್ಲಾದಲ್ಲಿಯೇ ಇರುವುದು. ಆದರೆ ಆ ವಿಲ್ಲಾವನ್ನು ಹಲಸಿನ ಹಣ್ಣಿನ ಹಾಗೆ ಸೀಳಿ ಒಂದೊಂದು ತುಂಡಿನಲ್ಲಿ ಒಂದೊಂದು ಸಂಸಾರ ಇಟ್ಟಿದ್ದಾರೆ. ನಮ್ಮ ಪಾಲಿಗೆ ಬಂದದ್ದು ಒಂದು ಬೆಡ್‌ರೂಮು, ಒಂದು ಹಾಲು, ಅಡುಗೆಮನೆ ಎಂಬ ಹೆಸರಿನ ಒಂದು ಸಂದು. ಬೆಡ್‌ರೂಮಿನಲ್ಲಿ ಮಗಳು ಶಶಿಕಲಾ ಮತ್ತು ಅಳಿಯ. ಹಾಲಿನ ಸೋಫಾದ ಮೇಲೆ ನಾನು. ಅಳಿಯ ಕ್ರಿಕೆಟ್ ನೋಡಿ ಮುಗಿಸಿದ ಮೇಲೆಯೇ ನನಗೆ ರಾತ್ರಿ. ನೆಂಟರು ಬಂದರೆ ನನ್ನ ಹಾಸಿಗೆಯ ಮೇಲೆಯೇ ಕೂತು ಚಾ ಕುಡಿಯುತ್ತಾ, "ಅಮ್ಮ ಎಲ್ಲಿ ಮಲಗುವುದು?" ಎಂದು ಕೇಳುತ್ತಾರೆ. "ನಿಮ್ಮ ಕುಂಡೆಯ ಅಡಿಯಲ್ಲಿ" ಎಂದು ಒಮ್ಮೆ ಹೇಳಿಬಿಟ್ಟೆ. ಅವರು ಮತ್ತೆ ಬರಲಿಲ್ಲ.

ನನಗೆ ಬೇಕಾದದ್ದು ಒಂದು ಬಾಗಿಲು. ಒಳಗಿನಿಂದ ಚಿಲಕ ಹಾಕುವ ಬಾಗಿಲು. ಅದರ ಹಿಂದೆ ರೂಮು ಎಷ್ಟು ಚಿಕ್ಕದಾದರೂ ಅಡ್ಡಿಯಿಲ್ಲ.

ಅಂಥ ಬಾಗಿಲು ವಿಲ್ಲಾದ ಹಿತ್ತಲಿನಲ್ಲೇ ಇತ್ತು! ಕಾಂಪೌಂಡ್ ಗೋಡೆಗೂ ನೀರಿನ ಟ್ಯಾಂಕಿಗೂ ನಡುವೆ ಒಂದು ಹಳೇ ಕಾಲದ ಕ್ಯಾರವಾನ್ ನಿಂತಿತ್ತು. ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಮನೆ. ಹೊರಗೆ ಅಲ್ಯೂಮಿನಿಯಂ ತಗಡು, ಒಳಗೆ ಮರ. ಮೂಲೆಗಳೆಲ್ಲ ಅಕ್ಕಿಮುಡಿಯ ಹಾಗೆ ದುಂಡಗೆ. ಒಂದು ಕಾಲದಲ್ಲಿ ನಮ್ಮ ಯಜಮಾನ, ಎಂದರೆ ವಿಲ್ಲಾದ ಮಾಲೀಕ ಅರಬಿಯ ಮನೆಯವರು, ಚಳಿಗಾಲದಲ್ಲಿ ಮರಳುಗಾಡಿಗೆ ಕ್ಯಾಂಪಿಂಗ್ ಹೋಗುವಾಗ ಅದನ್ನು ಎಳೆದುಕೊಂಡು ಹೋಗುತ್ತಿದ್ದರಂತೆ. ಈಗ ಅದರಲ್ಲಿ ಹಲ್ಲಿಗಳು ಬಾಡಿಗೆ ಕೊಡದೆ ಇದ್ದವು.

ಯಜಮಾನ ಒಂದು ದಿನ ಬಂದಾಗ ನಾನೇ ಹೋಗಿ ಕೇಳಿದೆ. ಅವನ ಹಿಂದಿಯೂ ನನ್ನ ಹಿಂದಿಯೂ ಒಂದೇ ಸಮ ಕೆಟ್ಟದ್ದು. ಆದ್ದರಿಂದ ನಮ್ಮೊಳಗೆ ಚೆನ್ನಾಗಿ ಅರ್ಥವಾಗುತ್ತಿತ್ತು.

"ಯೇ ಕಚರಾ, ಮಾಮಾ" ಎಂದ. ಪ್ರಾಯದ ಹೆಂಗಸರಿಗೆಲ್ಲ ಅವನು ಮಾಮಾ ಎನ್ನುವುದು, ಎಂದರೆ ಅಮ್ಮ. "ಇದನ್ನು ಗುಜರಿಗೆ ಹಾಕ್ತೇನೆ."

"ನಾನು ಸರಿ ಮಾಡಿದರೆ ನನಗೆ ಕೊಡ್ತೀಯಾ?"

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಈ ಶುಕ್ರವಾರ ಬಿಟ್ಟು ಬರುವ ಶುಕ್ರವಾರ, ನಮಾಜು ಮುಗಿಸಿಕೊಂಡು ಗುಜರಿಯ ಲಾರಿಯ ಜೊತೆಗೇ ಬರುತ್ತೇನೆ, ಮನುಷ್ಯ ಕೂರುವ ಹಾಗೆ ಇದ್ದರೆ ನಿನಗೆ, ಇಲ್ಲದಿದ್ದರೆ ಖಲಾಸ್ ಎಂದು ಹೇಳಿ ಹೋದ.

ಅದೇ ಸಂಜೆ ನಮ್ಮ ಹಾಲಿನಲ್ಲಿ ದಿನೇಶನ ಅಧ್ಯಕ್ಷತೆಯಲ್ಲಿ ಸಭೆ ಸೇರಿತು.

"ಅತ್ತೆ, ಇದು ವಿಂಟೇಜ್. ಹಾಗೆಲ್ಲ ಕೈ ಹಾಕ್ಲಿಕ್ಕಿಲ್ಲ. ರಿಸ್ಟೋರೇಶನ್ ಅಂತ ಅದರದ್ದೇ ಒಂದು ಪದ್ಧತಿ ಉಂಟು" ಎಂದು ಅವನು ಮೊಬೈಲಿನಲ್ಲಿ ಒಬ್ಬ ಬಿಳಿಯ ಕ್ಯಾರವಾನ್ ಬಿಚ್ಚುವುದನ್ನು ತೋರಿಸಿದ. ಮರುದಿನ ಹೊಸ ಕೈಗವಸು ತಂದ, ಹಾಕಿಕೊಂಡ, ಕ್ಯಾರವಾನಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡ, ಆಫೀಸಿನ ಗ್ರೂಪಿಗೆ ಹಾಕಿದ. ಆಮೇಲೆ ಅವನಿಗೆ ಸೊಂಟ ನೋವು ಬಂತು. ಸದರಿ ಕಾಮಗಾರಿಗೆ ಅಳಿಯನ ಕೊಡುಗೆ ಅಲ್ಲಿಗೆ ಮುಗಿಯಿತು.

ನನಗೆ ಬಿಳಿಯನ ಪಾಠ ಬೇಕಿರಲಿಲ್ಲ. ಒಳಗೆ ಇಣುಕಿದ ಕೂಡಲೇ ಗೊತ್ತಾಗಿತ್ತು. ಮರದ ಎಲುಬು, ಹಲಗೆಯ ಚರ್ಮ, ಬಿರುಕು ಬಿಟ್ಟ ಸಂದುಗಳು. ಇದು ದೋಣಿ! ಅಡಿಗೆ ಚಕ್ರ ಇಟ್ಟಿದ್ದಾರೆ, ಅಷ್ಟೇ. ನಾನು ಮೊಗವೀರರ ಹೆಣ್ಣು. ನನ್ನ ಅಪ್ಪನ ದೋಣಿಯನ್ನು ಮಳೆಗಾಲದಲ್ಲಿ ದಡಕ್ಕೆ ಎಳೆದು ರಿಪೇರಿ ಮಾಡುವುದನ್ನು ನೋಡಿಯೇ ಬೆಳೆದವಳು. ನೋಡಿದ್ದು ಮಾತ್ರ. ಮಾಡಿದ್ದು ಗಂಡಸರು. ಈ ಸಣ್ಣ ವಿವರ ಆಗ ನನಗೆ ನೆನಪಿಗೆ ಬರಲಿಲ್ಲ.

ದೋಣಿಯ ಮಾತು ತೆಗೆದರೆ ದಿನೇಶನಿಗೆ ಮುಜುಗರ. ಹೆಂಡತಿಯ ಮನೆಯವರದ್ದು "ಫಿಶರೀಸ್ ಬಿಸಿನೆಸ್" ಎಂದು ಅವನು ಆಫೀಸಿನಲ್ಲಿ ಹೇಳಿಟ್ಟಿದ್ದಾನೆ. ಬುಟ್ಟಿ ತಲೆಯ ಮೇಲೆ ಇಟ್ಟುಕೊಂಡು ಮನೆಮನೆ ತಿರುಗುವಾಗ ಅದು ಫಿಶರೀಸ್ ಎಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಸ್ವಲ್ಪ ಸೆಟೆದು ನಡೆಯುತ್ತಿದ್ದೆ.

ಹೊರಗಿನ ತಗಡಿನಿಂದ ಕೆಲಸ ಸುರು ಮಾಡಿದೆ. ಅದು ಮಂಕಾಗಿತ್ತು. ಬಟ್ಟೆ ಒಗೆಯುವ ಸೋಡಾ ಕಲಸಿ ತಿಕ್ಕಿದೆ. ಬೆಳ್ಳಿಯ ಹಾಗೆ ಹೊಳೆಯುತ್ತದೆ ಎಂದುಕೊಂಡಿದ್ದೆ. ಕಪ್ಪಾಯಿತು! ಕಪ್ಪು ಹೋಗಲಿ ಎಂದು ಇನ್ನಷ್ಟು ಸೋಡಾ ಹಾಕಿ ತಿಕ್ಕಿದೆ. ಇನ್ನಷ್ಟು ಕಪ್ಪಾಯಿತು!

ಶಶಿಕಲಾ ಬಂದು ನೋಡಿ ತಲೆಗೆ ಕೈ ಹಚ್ಚಿದಳು. "ಎಂಥದಮ್ಮ ಇದು? ಬೆಂಕಿ ಬಿದ್ದ ಬಸ್ಸಿನ ಹಾಗೆ ಕಾಣ್ತದೆ."

"ಕಪ್ಪು ಒಳ್ಳೆಯದು, ಕೊಳೆ ಕಾಣುವುದಿಲ್ಲ" ಎಂದೆ. ಮಾತಿಗೆ ನಾನು ಯಾವತ್ತೂ ಕಡಿಮೆಯಿಲ್ಲ.

ಹೊರಗೆ ಕೆಡಿಸಲು ಇನ್ನೇನೂ ಉಳಿಯದ್ದರಿಂದ ಒಳಗೆ ಹೋದೆ. ನೆಲದ ಹಲಗೆ ಗಟ್ಟಿ ಉಂಟೋ ಇಲ್ಲವೋ ನೋಡಲು ಒಂದು ಸಲ ಜೋರಾಗಿ ಮೆಟ್ಟಿದೆ. ಗಟ್ಟಿ ಇರಲಿಲ್ಲ. ನನ್ನ ಬಲಗಾಲು ತೊಡೆಯವರೆಗೆ ಕೆಳಗೆ ಇಳಿದು, ಪಾದ ಹೊರಗಿನ ಗಾಳಿಯಲ್ಲಿ ಅಲ್ಲಾಡತೊಡಗಿತು. ಮೇಲಿನ ತುಂಡಿನಲ್ಲಿರುವ ಉಳ್ಳಾಲದ ಜುಬೇದಾ ಬಟ್ಟೆ ಒಣಗಿಸಲು ಬಂದವಳು, ಕ್ಯಾರವಾನಿನ ಅಡಿಯಲ್ಲಿ ಒಂದು ಕಾಲು ನೇತಾಡುವುದನ್ನು ಕಂಡು ಕಿರುಚಿದಳು.

"ಯಾ ಅಲ್ಲಾ! ಅಮ್ಮಾ, ಎಂತ ಮಾಡ್ತಾ ಇದ್ದೀರಿ ಅಲ್ಲಿ?"

"ಚೆಕ್ ಮಾಡ್ತಾ ಇದ್ದೇನೆ. ಬಂದು ಎಳಿ!"

ಜುಬೇದಾ ಕಂಕುಳಿಗೆ ಕೈ ಹಾಕಿ ಎಳೆದಳು. ನಾನು ಮೇಲೆ ಬಂದೆ. ಸೀರೆ ಕೆಳಗೆ ಉಳಿಯಿತು.

ಆ ತೂತಿಗೆ ಅಂಗಡಿಯವರು ಬಿಸಾಡಿದ ಪೆಟ್ಟಿಗೆಯ ಹಲಗೆ ಹೊಡೆದೆ. ಈಗ ಹಲಗೆಯ ಸುತ್ತ ಸಂದು ಉಳಿಯಿತಲ್ಲ? ದೋಣಿಯ ಸಂದಿಗೆ ತೆಂಗಿನ ನಾರು ತುರುಕುತ್ತಾರೆ. ಅಲ್ ಅಜೀಜಿಯಾದಲ್ಲಿ ತೆಂಗಿನ ನಾರು ಎಲ್ಲಿಂದ ತರುವುದು? ಹುಡುಕುತ್ತಾ ಮನೆಯ ಬಾಗಿಲಿಗೆ ಬಂದೆ. ಕಾಲಡಿಯಲ್ಲೇ ಇತ್ತು! ಶಶಿಕಲಾ ದೊಡ್ಡ ಮಾಲ್‌ನಿಂದ ತಂದ, "ವೆಲ್ಕಮ್" ಎಂದು ಬರೆದ ಕಾಲೊರಸು. ಅಪ್ಪಟ ನಾರಿನದ್ದು. ಬಿಚ್ಚಿದೆ. ಸಂಜೆ ದಿನೇಶ ಬರುವಷ್ಟರಲ್ಲಿ ಬಾಗಿಲಲ್ಲಿ "ಮ್" ಒಂದೇ ಉಳಿದಿತ್ತು.

"ಅತ್ತೆ, ಇದು ಸಮುದ್ರಕ್ಕೆ ಇಳಿಸುವ ವಸ್ತು ಅಲ್ಲ!" ಎಂದು ಅವನು ಕೂಗಿದ. "ಇಲ್ಲಿ ಮಳೆ ಬರುವುದೇ ಅಪರೂಪ. ನೀರು ಒಳಗೆ ಬಾರದ ಹಾಗೆ ಮಾಡಿ ಎಂತ ಮಾಡ್ತೀರಿ?"

"ನಿನ್ನ ಕಾರು ಆಫೀಸು ಬಿಟ್ಟು ಬೇರೆ ಎಲ್ಲಿಗೂ ಹೋಗುವುದಿಲ್ಲ. ಅದಕ್ಕೆ ಮರಳುಗಾಡಿನಲ್ಲಿ ಓಡುವ ಫೋರ್‌ವೀಲ್ ಡ್ರೈವ್ ಯಾಕೆ?"

ಅವನು ಕ್ರಿಕೆಟ್ ಹಾಕಿದ.

ಇನ್ನು ಉಳಿದದ್ದು ಎಣ್ಣೆ. ಒಣಗಿ ಬಿರಿದ ಮರಕ್ಕೆ ಜೀವ ಬರಬೇಕಾದರೆ ಬೂತಾಯಿ ಮೀನಿನ ಎಣ್ಣೆ ಹಚ್ಚಬೇಕು. ಅಪ್ಪನ ದೋಣಿಗೆ ವರ್ಷ ವರ್ಷ ಹಚ್ಚುತ್ತಿದ್ದರು, ಹುಳ ಹತ್ತಿರ ಸುಳಿಯುತ್ತಿರಲಿಲ್ಲ. ದೋಣಿ ಬಯಲಿನಲ್ಲಿ ಇರುತ್ತದೆ, ಅದರೊಳಗೆ ಬಾಗಿಲು ಹಾಕಿಕೊಂಡು ಯಾರೂ ಮಲಗುವುದಿಲ್ಲ ಎಂಬುದು ನನ್ನ ತಲೆಗೆ ಹೋಗಲಿಲ್ಲ.

ಮೀನು ಮಾರ್ಕೆಟಿನಲ್ಲಿ ಮೀನು ಕೊಯ್ಯುವ ಬಂಗಾಳಿಯ ಹತ್ತಿರ ಬೂತಾಯಿಯ ತಲೆ, ಕರುಳು ಎಲ್ಲ ಕಟ್ಟಿಕೊಡು ಎಂದೆ. ಅವನು ಪುಕ್ಕಟೆ ಕೊಟ್ಟ, ಕೊಡುವಾಗ ಒಂದು ನಮೂನೆ ನೋಡಿದ. ದೊಡ್ಡ ಪಾತ್ರೆ ಬೇಕಿತ್ತು. ಜುಬೇದಾಳ ಹತ್ತಿರ ಬಿರಿಯಾನಿ ಪಾತ್ರೆ ಕೇಳಿದೆ.

"ಎಂತಕ್ಕಮ್ಮಾ?"

"ಸ್ವಲ್ಪ ಮೀನು ಬೇಯಿಸ್ಲಿಕ್ಕೆ."

ಸುಳ್ಳಲ್ಲ. ಅಳಿಯನಿಂದ ಕಲಿತದ್ದು.

ಹಿತ್ತಲಿನಲ್ಲಿ ಗ್ಯಾಸ್ ಒಲೆ ಇಟ್ಟು ಕುದಿಸಿದೆ. ಎಣ್ಣೆ ಮೇಲೆ ತೇಲಿತು. ವಾಸನೆ ಅದಕ್ಕಿಂತ ಮೇಲೆ ತೇಲಿತು. ಮೊದಲು ಪಕ್ಕದ ತುಂಡಿನ ಕಿಟಕಿ ಮುಚ್ಚಿತು. ಮತ್ತೆ ಮೇಲಿನದ್ದು. ಮತ್ತೆ ಗೋಡೆಯಾಚೆಯ ವಿಲ್ಲಾದ್ದು. ನಮ್ಮ ಬೀದಿಯಲ್ಲಿ ಅಷ್ಟು ಕಿಟಕಿಗಳಿವೆ ಎಂದು ನನಗೆ ಅವತ್ತೇ ಗೊತ್ತಾದದ್ದು. ಎಣ್ಣೆಯನ್ನು ಬಕೆಟಿಗೆ ತುಂಬಿಸಿ, ಶಶಿಕಲಾಳ ಹಳೆಯ ಚೂಡಿದಾರದ ತುಂಡಿನಿಂದ ನೆಲ, ಗೋಡೆ, ಮಾಡು ಎಲ್ಲಕ್ಕೂ ಹಚ್ಚಿದೆ. ಮರ ಗಟಗಟ ಕುಡಿಯಿತು. ಕೆಂಪಗೆ ಹೊಳೆಯಿತು. ಬಾಗಿಲು ಮುಚ್ಚಿ, ಚಿಲಕ ಹಾಕಿ, ನಡುವೆ ಕೂತೆ. ರಾಣಿಯ ಹಾಗೆ ಆಯಿತು. ಉಸಿರು ತೆಗೆದುಕೊಳ್ಳುವವರೆಗೆ ಮಾತ್ರ!

ಒಣಗಿದ ಮೇಲೆ ವಾಸನೆ ಹೋಗುತ್ತದೆ ಎಂದು ಎಲ್ಲರಿಗೂ ಸಾರಿದೆ. ಒಣಗಲಿಲ್ಲ. ಬಿಸಿಲಿಗೆ ತಗಡು ಕಾದು, ಕಪ್ಪಾದದ್ದರಿಂದ ಇನ್ನೂ ಕಾದು, ಒಳಗಿನ ಎಣ್ಣೆ ಹೊಸದಾಗಿ ಬೇಯತೊಡಗಿತು. ಅಷ್ಟರಲ್ಲಿ ಬೆಕ್ಕುಗಳು ಬಂದವು. ಮೊದಲು ನಮ್ಮ ಬೀದಿಯವು. ಆಮೇಲೆ ಪರವೂರಿನವು. ಮಾಡಿನ ಮೇಲೆ, ಟ್ಯಾಂಕಿನ ಮೇಲೆ, ದಿನೇಶನ ಫೋರ್‌ವೀಲಿನ ಮೇಲೆ, ಮದುವೆ ಊಟಕ್ಕೆ ಕಾಯುವವರ ಹಾಗೆ ಸಾಲಾಗಿ ಕೂತವು.

ಜುಬೇದಾ ಪಾತ್ರೆ ಹಿಡಿದುಕೊಂಡು ಇಳಿದು ಬಂದಳು. ಕಣ್ಣಲ್ಲಿ ನೀರು. "ಅಮ್ಮಾ, ಏಳು ಸಲ ತೊಳೆದೆ. ಇವತ್ತು ಚಿಕನ್ ಬಿರಿಯಾನಿ ಮಾಡಿದೆ. ಗಂಡ ತಿಂದು, ಮೀನು ಚೆನ್ನಾಗಿತ್ತು ಅಂದ್ರು."

ದಿನೇಶ ಅಂತಿಮ ಎಚ್ಚರಿಕೆ ಕೊಟ್ಟ. "ಅತ್ತೆ, ಯಜಮಾನ ಬಂದು ಈ ನಾತ ನೋಡಿದರೆ ಕ್ಯಾರವಾನ್ ಅಲ್ಲ, ನಮ್ಮನ್ನೇ ಗುಜರಿಗೆ ಹಾಕ್ತಾನೆ. ಬೇರೆ ಮನೆ ಸಿಗುವುದು ಸುಲಭ ಅಂತ ಎಣಿಸಿದ್ದೀರಾ?"

ಅಲ್ಲಿಯವರೆಗೆ ನನಗೆ ಬಾಗಿಲಿನದ್ದೊಂದೇ ಚಿಂತೆ ಇತ್ತು. ಈಗ ಸೋಫಾ ಕೂಡ ಹೋಗುವ ಲಕ್ಷಣ ಕಂಡಿತು.

ಶುಕ್ರವಾರ ಬಂತು. ನಾನು ಇದ್ದದ್ದರಲ್ಲಿ ಒಳ್ಳೆಯ ಸೀರೆ ಉಟ್ಟು ಕ್ಯಾರವಾನಿನ ಮುಂದೆ ನಿಂತೆ. ದಿನೇಶ ಸ್ಪ್ರೇ ಡಬ್ಬಿ ಹಿಡಿದುಕೊಂಡು ಒಳಗೆಲ್ಲ ಮಲ್ಲಿಗೆ ವಾಸನೆ ಹೊಡೆದ. ಮಲ್ಲಿಗೆ ಮುಡಿದ ಕೊಳೆತ ಬೂತಾಯಿ ಹೇಗಿರುತ್ತದೆ ಎಂದು ಕೇಳಬೇಡಿ.

ಯಜಮಾನನ ಲ್ಯಾಂಡ್ ಕ್ರೂಸರ್ ಬಂತು. ಹಿಂದೆ ಗುಜರಿಯ ಲಾರಿ. ಯಜಮಾನ ಇಳಿದು ಒಂದು ಹೆಜ್ಜೆ ಇಟ್ಟ, ತಲೆಬಟ್ಟೆಯ ತುದಿಯಿಂದ ಮೂಗು ಮುಚ್ಚಿಕೊಂಡ.

"ಯಾ ಅಲ್ಲಾ! ಕೌನ್ ಮರ್ ಗಯಾ?"

ದಿನೇಶ ಕೈ ಮುಗಿದು ನನ್ನ ಕಡೆ ತೋರಿಸಿದ. ಅಂಥ ಅಳಿಯ!

"ಖಲಾಸ್" ಎಂದು ಯಜಮಾನ ಲಾರಿಯವನಿಗೆ ಕೈ ಬೀಸಿದ. ನನ್ನ ಬಾಗಿಲು ಹೋಯಿತು ಎಂದುಕೊಂಡೆ. ಅಷ್ಟರಲ್ಲಿ ಲ್ಯಾಂಡ್ ಕ್ರೂಸರಿನ ಮುಂದಿನ ಸೀಟಿನಿಂದ ಯಾರೋ ಜೋರಾಗಿ ಕೂಗಿದರು. ಯಜಮಾನನ ತಂದೆ. ನನಗಿಂತಲೂ ಪ್ರಾಯದವರು, ಒಣಗಿದ ಖರ್ಜೂರದ ಹಾಗೆ ಇದ್ದರು. ಡ್ರೈವರ್ ಹಂಸ ಇಳಿಸಿದ. ಮುದುಕ ಕೋಲೂರಿಕೊಂಡು, ಮೂಗು ಮುಂದೆ ಮಾಡಿಕೊಂಡು, ಬೆಕ್ಕುಗಳ ನಡುವೆ ದಾರಿ ಮಾಡಿಕೊಂಡು ಸೀದಾ ಕ್ಯಾರವಾನಿನ ಒಳಗೆ ಹೋಗಿ ಕೂತರು. ಗೋಡೆಗೆ ಕೈ ಒತ್ತಿದರು. ಕೈ ಮೂಸಿದರು. ಅತ್ತರು.

ವಾಸನೆ ಕಣ್ಣಿಗೆ ಹೊಡೆದಿರಬೇಕು ಎಂದುಕೊಂಡು ನಾನು ನೀರು ಕೊಡಲು ಹೋದೆ.

ಹಂಸ ಮಲಯಾಳದವನು, ಆದರೆ ಮಂಗಳೂರಿನಲ್ಲಿ ಹೋಟೆಲಿನಲ್ಲಿದ್ದು ಕನ್ನಡ ಬಲ್ಲವನು. "ಅದಲ್ಲಮ್ಮ" ಎಂದ. "ಇವರ ಮನೆಯಲ್ಲಿ ಮೊದಲು ದೋಣಿ ಇತ್ತಂತೆ. ಸಣ್ಣವರಿದ್ದಾಗ ಇವರೇ ಅದಕ್ಕೆ ಮೀನೆಣ್ಣೆ ಹಚ್ಚುತ್ತಿದ್ದದ್ದಂತೆ. ಆ ವಾಸನೆ ಮತ್ತೆ ಎಲ್ಲಿಯೂ ಸಿಗಲಿಲ್ಲವಂತೆ."

ಮುದುಕ ನನ್ನನ್ನು ಕರೆದು ಎದುರು ಕೂರಿಸಿದರು. ಯಾವ ಮೀನು ಎಂದು ಕೈಯಲ್ಲಿ ಕೇಳಿದರು. ನಾನು ಬೆರಳಿನಲ್ಲಿ ಬೂತಾಯಿಯ ಅಳತೆ ತೋರಿಸಿದೆ. ಅವರು ನಕ್ಕು, ತಮ್ಮದು ಶಾರ್ಕು ಎಂದು ಎರಡೂ ಕೈ ಅಗಲಿಸಿದರು. ಆ ಕ್ಯಾರವಾನಿನಲ್ಲಿ ಕೈ ಅಗಲಿಸಲು ಅಷ್ಟೇ ಜಾಗ ಇದ್ದದ್ದು. ಇಲ್ಲದಿದ್ದರೆ ಮೀನು ಇನ್ನೂ ದೊಡ್ಡದಾಗುತ್ತಿತ್ತು.

ಯಜಮಾನ ಬಾಗಿಲಲ್ಲಿ ಇಣುಕಿ, ಮೂಗು ಮುಚ್ಚಿಕೊಂಡೇ, "ಬಹುತ್ ಅಚ್ಛಾ, ಮಾಮಾ!" ಎಂದ. ಲಾರಿ ವಾಪಸ್ ಹೋಯಿತು. ನಾನು ದಿನೇಶನ ಕಡೆ ಒಂದು ನೋಟ ಬಿಸಾಡಿದೆ. ಗೆದ್ದಿದ್ದೆ! ಮನುಷ್ಯ ಕೂರುವ ಹಾಗೆ ಇದ್ದರೆ ನಿನಗೆ ಎಂದಿದ್ದ. ಮನುಷ್ಯ ಕೂತಿದ್ದಾನೆ!

ಆದರೆ ಎದ್ದೇಳಲಿಲ್ಲ.

ಯಜಮಾನ ಗೋಗರೆದ. ಹಂಸ ಗೋಗರೆದ. ಮುದುಕ ಕೋಲಿನಿಂದ ನೆಲ ಕುಟ್ಟಿದರು. ನನ್ನ ಹಲಗೆ ಗಟ್ಟಿ ನಿಂತಿತು, ಹಾಳಾದ್ದು! ಕೊನೆಗೆ ಹಂಸ ಸಪ್ಪೆ ಮುಖ ಮಾಡಿಕೊಂಡು ಬಂದ. "ಅಮ್ಮಾ, ಬಾಬಾ ಇದನ್ನು ಬಿಟ್ಟು ಬರುವುದಿಲ್ಲ ಅಂತಾರೆ. ಅಲ್ ಖೋರ್‌ನಲ್ಲಿ ಸಮುದ್ರದ ಹತ್ತಿರ ಅವರ ಮನೆ ಉಂಟು, ಅಲ್ಲಿಗೆ ತೆಗೆದುಕೊಂಡು ಹೋಗ್ಬೇಕಂತೆ."

ಚಕ್ರಕ್ಕೆ ಗಾಳಿ ಹೊಡೆದರು. ಲ್ಯಾಂಡ್ ಕ್ರೂಸರಿನ ಹಿಂದೆ ಕಟ್ಟಿದರು. ಮುದುಕನನ್ನು ಎಷ್ಟೋ ಕಷ್ಟದಲ್ಲಿ ಮುಂದಿನ ಸೀಟಿಗೆ ಸಾಗಿಸಿದರು. ನನ್ನ ಬಾಗಿಲು, ನನ್ನ ಚಿಲಕ, ಶಶಿಕಲಾಳ ಕಾಲೊರಸು ಎಲ್ಲ ಸೇರಿ ಗೇಟು ದಾಟಿ ಹೋದವು. ಹಿಂದಿನಿಂದ ಬೆಕ್ಕುಗಳ ಮೆರವಣಿಗೆ.

ಯೋಚಿಸಿ ನೋಡಿ. ಒಳ್ಳೆಯದಾಗಿ ಮಾಡಿದ್ದರೆ ನನಗೆ ಸಿಗುತ್ತಿತ್ತು. ಕೆಟ್ಟದಾಗಿ ಮಾಡಿದ್ದರೆ ಗುಜರಿಗೆ ಹೋಗುತ್ತಿತ್ತು. ನಾನು ಕೆಡಿಸಿದ ನಮೂನೆಗೆ ಮುದುಕ ಅತ್ತುಬಿಟ್ಟರು. ಇಂಥ ಕೈ ಯಾರಿಗುಂಟು?

"ಬೇಸರ ಮಾಡ್ಬೇಡಿ ಅತ್ತೆ" ಎಂದು ದಿನೇಶ ಅವತ್ತು ಬಾಯಿ ತುಂಬ ನಕ್ಕ. "ಯಜಮಾನನ ಹತ್ತಿರ ನಮ್ಮ ರಿಲೇಶನ್ ಒಳ್ಳೆಯದಾಯ್ತು." ಆಮೇಲೆ ಕ್ರಿಕೆಟ್ ಹಾಕಿದ. ನಾನು ಅವನು ಮುಗಿಸುವುದನ್ನು ಕಾಯುತ್ತಾ ಕೂತೆ.

ಮರುದಿನ ಬೆಳಿಗ್ಗೆ ಗೇಟಿನಲ್ಲಿ ಹಾರ್ನ್ ಕೇಳಿತು. ಹಂಸ. "ಅಮ್ಮಾ, ಬಾಬಾ ಹೇಳಿ ಕಳಿಸಿದ್ದು. ಒಂದು ಕೋಟು ಸಾಲುವುದಿಲ್ಲವಂತೆ. ಇನ್ನೊಂದು ಹಚ್ಚಬೇಕಂತೆ. ನಿಮ್ಮ ಕೈಯಿಂದಲೇ ಆಗ್ಬೇಕಂತೆ."

"ಅತ್ತೆಯದ್ದು ಫ್ಯಾಮಿಲಿ ವೀಸಾ, ಕೆಲಸ ಮಾಡ್ಲಿಕ್ಕಿಲ್ಲ" ಎಂದು ದಿನೇಶ ಬನಿಯನಿನಲ್ಲೇ ಓಡಿ ಬಂದ.

"ಸಂಬಳ ಇಲ್ಲ, ಮತ್ತೆ ಕೆಲಸ ಹೇಗಾಗ್ತದೆ?" ಎಂದ ಹಂಸ.

ಗಲ್ಫಿಗೆ ಬರುವವರು ಏಜೆಂಟನ ಕಾಲು ಹಿಡಿದು, ಇಂಟರ್‌ವ್ಯೂ ಕೊಟ್ಟು, ಸರ್ಟಿಫಿಕೇಟ್ ತೋರಿಸಿ ಕೆಲಸ ಹಿಡಿಯುತ್ತಾರೆ. ನಾನು ಅರವತ್ತೆಂಟನೇ ವಯಸ್ಸಿನಲ್ಲಿ, ಕೂತಲ್ಲಿಂದಲೇ, ಬಿಟ್ಟಿ ಕೆಲಸ ಹಿಡಿದಿದ್ದೆ. ಉಳಿದ ಎಣ್ಣೆಯ ಬಕೆಟನ್ನು ಕಾಲ ನಡುವೆ ಇಟ್ಟುಕೊಂಡು ಲ್ಯಾಂಡ್ ಕ್ರೂಸರಿನ ಮುಂದಿನ ಸೀಟಿನಲ್ಲಿ ಕೂತೆ. "ಯಲ್ಲಾ, ಹೊರಡು" ಎಂದೆ. ಹಂಸ ಎಸಿ ಆಫ್ ಮಾಡಿ ನಾಲ್ಕೂ ಕಿಟಕಿ ಇಳಿಸಿದ.