ತಳ ಕಾಣುವ ಕಾರು

"ಕಣ್ಣಿಗೆ ಕಾಣದೇ ಇರೋದಕ್ಕೆ ಜನ ಹೆದರ್ತಾರೆ. ನನ್ನ ಕಾರಲ್ಲಿ ಎಲ್ಲಾ ಕಾಣುತ್ತೆ, ಇನ್ನೆಲ್ಲಿಯ ಭಯ!"

ಕಾರು ವಿನ್ಯಾಸಕ ಊಟದ ಮೇಜಿನೆದುರು ಹೀಗೆ ಘೋಷಿಸುವಾಗ ಅವನ ಹೆಂಡತಿ ಸ್ಟೂಲ್ ಹತ್ತಿ ಕೆಟ್ಟ ಬಲ್ಬು ಬದಲಾಯಿಸುತ್ತಿದ್ದಳು. ಸ್ಟೂಲ್ ಮೇಲೆ ನಿಂತರೆ ವಿನ್ಯಾಸಕನಿಗೆ ತಲೆ ಸುತ್ತುತ್ತದೆ. ಈ ಗುಟ್ಟು ಮನೆಯವರನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.

ಗೊತ್ತಾಗುವಂತೆಯೂ ಇರಲಿಲ್ಲ. ಬಾಗಿಲು, ಬಾನೆಟ್ಟು, ತಳ ಎಲ್ಲವೂ ಗಾಜಿನಂತೆ ಪಾರದರ್ಶಕವಾದ ಹೊಸ ಲೋಹದ್ದೇ ಆಗಬೇಕೆಂದು ಅವನು ಕಾರ್ಖಾನೆಯಲ್ಲಿ ಕಂಡಕಂಡವರೊಡನೆ ಜಗಳವಾಡಿ ಗೆದ್ದಿದ್ದ. ಆದರೆ ಕಾರ್ಖಾನೆಗೊಂದು ಪದ್ಧತಿ ಇತ್ತು. ಹೊಸ ಕಾರನ್ನು ರೂಪಿಸಿದವನೇ ಅದನ್ನು ಸೇತುವೆಯ ಮೇಲೆ ನದಿಯಾಚೆಗೆ ಓಡಿಸಬೇಕು, ಪಕ್ಕದಲ್ಲಿ ಮಾಲೀಕರು ಕೂರಬೇಕು. ಅವರು ಹೂಂ ಅಂದರೆ ಕಾರು ರಸ್ತೆಗೆ, ಉಹೂಂ ಅಂದರೆ ಅವನ ಇಷ್ಟು ವರ್ಷದ ದುಡಿಮೆ ಗುಜರಿಗೆ. ಆ ಪರೀಕ್ಷೆ ಮರುದಿನವೇ ಇತ್ತು.

ಅಭ್ಯಾಸಕ್ಕೆಂದು ಹೆಂಡತಿಯನ್ನೂ ಅತ್ತೆಯನ್ನೂ ಕೂರಿಸಿಕೊಂಡು ಹೊರಟ. ಕಾರ್ಖಾನೆಯ ಅಂಗಳದಲ್ಲಿ ಓಡಿಸುವಾಗ ಕಾಲ ಕೆಳಗೆ ಸಿಮೆಂಟು ಬಿಟ್ಟರೆ ಬೇರೇನೂ ಕಂಡಿರಲಿಲ್ಲ. ಸೇತುವೆಗೆ ಹಾಸಿದ್ದು ಕಬ್ಬಿಣದ ಜಾಲರಿ ಎಂಬುದು ಆ ಮಹಾನ್ ತಲೆಗೆ ಹೊಳೆದೇ ಇರಲಿಲ್ಲ! ಕಾರು ಸೇತುವೆಯ ನಡುಮಧ್ಯಕ್ಕೆ ಬಂತು. ಬ್ರೇಕಿನ ಕೆಳಗೆ ಜಾಲರಿ, ಜಾಲರಿಯ ಕೆಳಗೆ ಬರೀ ಗಾಳಿ, ಎಲ್ಲೋ ಪಾತಾಳದಲ್ಲಿ ಸುಳಿ ಸುತ್ತುವ ಕಪ್ಪು ನೀರು. ಅವನು ಹೇಗೋ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಎರಡೂ ಕಾಲುಗಳನ್ನು ಸೀಟಿನ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದ. ಹಿಂದಿನ ವಾಹನಗಳು ಹಾರ್ನ್ ಹೊಡೆಯತೊಡಗಿದವು. ಬಾಗಿಲೂ ಪಾರದರ್ಶಕ ತಾನೇ? ಅವನು ಮುದುಡಿ ಕೂತ ಭಂಗಿಯನ್ನು ದಾರಿಹೋಕರೆಲ್ಲ ನಿಂತು ನೋಡಿದರು.

"ರೀ, ಕಾಲು ಕೆಳಗಿಡಿ. ಬಿದ್ದುಹೋಗಲ್ಲ," ಎಂದಳು ಹೆಂಡತಿ.

ಬೀಳುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದುದು ಅವನ ಕಾಲುಗಳಿಗೆ. ಅತ್ತೆ ಆಚೆ ದಡದಲ್ಲಿ ಕೂರಲೆಂದು ತಂದಿದ್ದ ಚಾಪೆಯನ್ನು ಮುಂದಕ್ಕೆ ತಳ್ಳಿದರು. ಹೆಂಡತಿ ಅದನ್ನು ಅವನ ಕಾಲ ಕೆಳಗೆ ಹಾಸಿದಳು. ನದಿ ಮಾಯವಾಯಿತು, ಕಾರು ಹೊರಟಿತು. ಚಾಪೆ ಕಾರಿನಲ್ಲೇ ಇರಲಿ ಎಂದು ಅವನು ಮನಸ್ಸಿನಲ್ಲೇ ಅಂದುಕೊಂಡ. ಮರ್ಯಾದೆಯ ಪ್ರಶ್ನೆ ನೋಡಿ, ಬಾಯಿಬಿಟ್ಟು ಹೇಳಲಿಲ್ಲ.

ಮರುದಿನ ಮಾಲೀಕರು ಗತ್ತಿನಿಂದ ಪಕ್ಕದಲ್ಲಿ ಕೂತರು. ಹಿಂದಿನ ಸೀಟಿನ ಕೆಳಗೆ ಚಾಪೆ ಇದ್ದೇ ಇರುತ್ತದೆ, ಬೇಕೆಂದಾಗ ಎಳೆದುಕೊಂಡರಾಯಿತು ಎಂಬ ಧೈರ್ಯದಲ್ಲಿ ಅವನು ಸೇತುವೆ ಹತ್ತಿದ. ನಡುಮಧ್ಯಕ್ಕೆ ಬಂದಾಗ ಮತ್ತೆ ಅದೇ ಕಪ್ಪು ನೀರು. ಕಾರು ತಾನಾಗಿಯೇ ಎಂಬಂತೆ ನಿಂತಿತು. ಅವನು ಕಾಲು ಮೇಲೆತ್ತಿಕೊಂಡು ಹೆದರುತ್ತಲೇ ಪಕ್ಕಕ್ಕೆ ತಿರುಗಿದ. ಮಾಲೀಕರ ಎರಡೂ ಕಾಲುಗಳು ಆಗಲೇ ಸೀಟಿನ ಮೇಲಿದ್ದವು!

"ಬಾಗಿಲು ಹೀಗೇ ಇರಲಿ, ಬಾನೆಟ್ಟೂ ಹೀಗೇ ಇರಲಿ," ಎಂದರು ಮಾಲೀಕರು ಕಣ್ಣು ಮುಚ್ಚಿಕೊಂಡೇ. "ಈ ತಳಕ್ಕೆ ಹಾಸೋಕೆ ಏನಾದ್ರೂ ಇದ್ಯಾ?"

ಅವನು ಹಿಂದಕ್ಕೆ ಕೈ ಹಾಕಿ ತಡಕಾಡಿದ. ಏನೂ ಸಿಗಲಿಲ್ಲ. ಮನೆಗೆ ಫೋನ್ ಮಾಡಿ, ಇಬ್ಬರ ಪಾಡನ್ನೂ ಹೇಳಿ, ಅತ್ತೆಯ ಹತ್ತಿರ ಚಾಪೆಯ ಸುದ್ದಿ ಕೇಳಿದ. ಮಾಲೀಕರೂ ಫೋನಿಗೆ ಕಿವಿಯಾನಿಸಿದರು.

"ನಿನ್ನೆ ಅದರ ಮೇಲೆ ಬೂಟುಗಾಲು ಇಟ್ರಲ್ಲ ಅಳಿಯಂದ್ರೇ, ತೊಳೆದು ಒಣಹಾಕಿದೀನಿ," ಎಂದರು ಅತ್ತೆ. "ಒಣಗೋವರೆಗೂ ಇಬ್ರೂ ಕೆಳಗೆ ನೋಡ್ಬೇಡಿ."