ಲೈಸೆನ್ಸು ಇದ್ದ ಬೆನ್ನು

ಝಲ್ಮನ್ ಹರ್ಷ್ಕೊವಿಚ್ ನೋವಿಲ್ಲದೆ ಕೂರಬಹುದು ಎಂದು ಸರ್ಕಾರ ಬರವಣಿಗೆಯಲ್ಲಿ ಒಪ್ಪಿಕೊಂಡಿತ್ತು. ಹೈಫಾ ಪಟ್ಟಣದ ಬಂದರಿನಲ್ಲಿ ಮೂಟೆ ಎಣಿಸಿ ಎಣಿಸಿ ನಿವೃತ್ತನಾದ ಈ ಮನುಷ್ಯನ ಬೆನ್ನುಮೂಳೆ ಎಲ್ಲೋ ಒಂದು ಕಡೆ ಜಾರಿ, ಎಡಗಾಲಿಗೆ ಇಡೀ ದಿನ ಕರೆಂಟು ಹೊಡೆಯುತ್ತಿತ್ತು. ಡಾಕ್ಟರು ಗಾಂಜಾ ಬರೆದುಕೊಟ್ಟರು. ಅದಕ್ಕೊಂದು ಲೈಸೆನ್ಸು ಬಂತು. ಲೈಸೆನ್ಸಿನ ಹಿಂದೆ ನಿಯಮಗಳು ಬಂದವು. ಊರು ಬಿಟ್ಟು ಹೋಗುವಾಗ ಔಷಧಿ ಅಂಗಡಿಯ ಡಬ್ಬಿಯಲ್ಲೇ ಒಯ್ಯಬೇಕು, ಡಬ್ಬಿಯ ಮೇಲೆ ಹೆಸರಿನ ಚೀಟಿ ಇರಬೇಕು, ಲೈಸೆನ್ಸು ಜೇಬಿನಲ್ಲಿರಬೇಕು, ನಾಲ್ಕು ಜನರೆದುರು ಸೇದಬಾರದು, ಬೇರೆ ಯಾವ ವ್ಯಕ್ತಿಗೂ ಒಂದು ಚೂರನ್ನೂ ಕೊಡಬಾರದು. ಇಷ್ಟನ್ನೂ ಪಾಲಿಸುವಷ್ಟು ಆರೋಗ್ಯ ಇದ್ದವನಿಗೆ ಔಷಧಿಯೇ ಬೇಕಾಗುವುದಿಲ್ಲ.

ಅಂದು ಯೆಹೂದಿಗಳ ಪೆಸಹ್ ಹಬ್ಬದ ಮುನ್ನಾದಿನ. ಹೆಂಡತಿ ಮೊದಲೇ ಹೊರಟು ದೂರದ ಎಯ್ಲಾತಿನಲ್ಲಿ ಮಗಳ ಮನೆ ಸೇರಿದ್ದಳು. ಹಬ್ಬದ ರಾತ್ರಿಯ ಸೇದರ್ ಊಟದಲ್ಲಿ ಮನೆಯ ಅತಿ ಕಿರಿಯರು ಎದ್ದು ನಿಂತು ನಾಲ್ಕು ಪ್ರಶ್ನೆ ಕೇಳುವುದು ಪದ್ಧತಿ. ಈ ಸಲ ಮೊಮ್ಮಗಳು ನೋಗಾಳ ಸರದಿ, ಅದೂ ಮೊದಲ ಸರದಿ. "ಅಜ್ಜ ಎದುರಿಗೆ ಕೂತ್ಕೊಂಡಿದ್ರೆ ಮಾತ್ರ ಹೇಳ್ತೀನಿ, ಇಲ್ಲಾಂದ್ರೆ ಬಾಯೇ ಬಿಡಲ್ಲ" ಎಂದು ಫೋನಿನಲ್ಲೇ ಷರತ್ತು ಹಾಕಿದ್ದಳು. ಕೂತುಕೊಳ್ಳುವುದು! ಝಲ್ಮನ್ನನ ಪಾಲಿಗೆ ಅದೇ ದೊಡ್ಡ ಕೆಲಸ. ಔಷಧಿ ತಿಂದರೆ ಕೂರುತ್ತಾನೆ, ಇಲ್ಲದಿದ್ದರೆ ಗೋಡೆಗೆ ಒರಗಿಸಿಟ್ಟ ಏಣಿ.

ಬಸ್ಸಿನಲ್ಲಿ ಸೇದುವಂತಿಲ್ಲವಲ್ಲ ಎಂದು ಅವನು ಹಿಂದಿನ ದಿನವೇ ತಿಂಗಳಿಗಾಗುವಷ್ಟು ಔಷಧಿಯನ್ನು ಬಿಸ್ಕತ್ತಿನ ರೂಪದಲ್ಲಿ ತಂದಿದ್ದ. ತನ್ನ ಜಾಣತನವನ್ನು ತಾನೇ ಮೆಚ್ಚಿಕೊಂಡಿದ್ದ ಕೂಡ. ಬೆಳಗ್ಗೆ ಒಂದನ್ನು ತಿಂದು, ಡಬ್ಬಿ ಹಿಡಿದು ಬಾಗಿಲು ತೆಗೆದಾಗ ಮೆಟ್ಟಿಲ ಮೇಲೆ ಪ್ನೀನಾ ನಿಂತಿದ್ದಳು.

ಪ್ನೀನಾ ಕೆಳಮನೆಯ ವಿಧವೆ, ಕಟ್ಟಡದ ಸಮಿತಿಯ ಅಧ್ಯಕ್ಷೆ. ದೇವರ ಪರವಾಗಿ ಆ ಮೂರು ಮಹಡಿಗಳ ಮೇಲ್ವಿಚಾರಣೆಯನ್ನೂ ಅವಳೇ ನೋಡಿಕೊಳ್ಳುತ್ತಿದ್ದಳು, ಯಾರೂ ಕೇಳಿಕೊಳ್ಳದಿದ್ದರೂ.

"ಕೈಯಲ್ಲೇನದು?"

"ಔಷಧಿ."

"ಔಷಧಿ ಗಡಗಡ ಅನ್ನುತ್ತಾ? ತೋರಿಸು." ಚೀಟಿ ಓದಿದವಳೇ ಎದೆಗೆ ಕೈ ಇಟ್ಟುಕೊಂಡಳು. "ಬಿಸ್ಕತ್ತು! ಗೋಧಿ ಹಿಟ್ಟು! ಇವತ್ತು!"

ಪೆಸಹ್ ಮುಗಿಯುವ ತನಕ ಹುದುಗಿದ ಹಿಟ್ಟಿನ ತಿನಿಸು ಯಾವ ಮನೆಯಲ್ಲೂ ಇರುವಂತಿಲ್ಲ. ಬೆಳಗು ಏರುವುದರೊಳಗೆ ಉಳಿದದ್ದನ್ನು ಸುಟ್ಟುಬಿಡಬೇಕು, ಇಲ್ಲವೇ ಯೆಹೂದಿಯಲ್ಲದವರಿಗೆ ಮಾರಿಬಿಡಬೇಕು. ಝಲ್ಮನ್ ಗಾಂಜಾದ ಬಗ್ಗೆ ಇರುವ ನಿಯಮಗಳನ್ನೆಲ್ಲ ಬಾಯಿಪಾಠ ಮಾಡಿದ್ದ, ಬಿಸ್ಕತ್ತಿನದನ್ನು ಮರೆತಿದ್ದ.

"ನಿನ್ನ ಅಳಿಯ ಒಲೆಗೆ ಬೆಂಕಿ ಹಾಯಿಸಿ ಶುದ್ಧ ಮಾಡಿದಾನೆ. ಆ ಮನೆಗೆ ಇದನ್ನ ತಗೊಂಡು ಹೋಗ್ತೀಯಾ? ಅವನಮ್ಮನ ನಂಬರು ನನ್ನ ಹತ್ರ ಇದೆ, ನೆನಪಿರಲಿ."

"ಹಾಗಾದ್ರೆ ಏನು ಮಾಡ್ಲಿ?"

"ಮಾರು. ಎಲ್ಲರೂ ಮಾಡೋದೇ ತಾನೆ. ಮೂಲೆ ಅಂಗಡಿ ತರಕಾರಿ ಜಾರ್ಜಿಗೆ ಮಾರು, ಹಬ್ಬ ಆದ್ಮೇಲೆ ವಾಪಸ್ ತಗೋ."

"ಮಾರೋದಾ?" ಎಂದು ಮೇಲಿನಿಂದ ಧ್ವನಿ ಬಂತು. ಮೇಲ್ಮನೆಯ ಆಮ್ರಾಮ್ ತನ್ನ ನಾಯಿ ಬೂಬಾಳೊಂದಿಗೆ ಇಳಿಯುತ್ತಿದ್ದ. ಇಬ್ಬರೂ ಪೊಲೀಸ್ ಇಲಾಖೆಯ ಮಾದಕ ವಸ್ತು ಪತ್ತೆದಳದಿಂದ ನಿವೃತ್ತರು. ಪತ್ತೆ ಮಾಡುತ್ತಿದ್ದದ್ದು ಬೂಬಾ, ಪದಕ ಬಂದದ್ದು ಆಮ್ರಾಮನಿಗೆ. "ಝಲ್ಮನ್, ಅದನ್ನ ಇನ್ನೊಬ್ಬರಿಗೆ ಕೊಟ್ಟೆ ಅಂದ್ರೆ ನೀನು ರೋಗಿ ಅಲ್ಲ, ದಂಧೆಕೋರ. ಒಳಗೆ ಹೋಗ್ತೀಯ."

"ಮಾರದಿದ್ರೆ ಪಾಪಿ," ಎಂದಳು ಪ್ನೀನಾ.

"ಮಾರಿದ್ರೆ ಅಪರಾಧಿ," ಎಂದ ಆಮ್ರಾಮ್.

"ನನ್ನ ಬಸ್ಸು..." ಎಂದ ಝಲ್ಮನ್. ಹಬ್ಬಕ್ಕೆ ಮುಂಚೆ ಎಯ್ಲಾತಿಗೆ ಅದೇ ಕೊನೆಯ ಬಸ್ಸು. ಅವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬೇಕಾದರೆ ಎಲ್ಲವನ್ನೂ ಈಗಲೇ ತಿಂದು ಮುಗಿಸು ಎಂದು ಪ್ನೀನಾ ಸಲಹೆ ಕೊಟ್ಟಳು. ಹಾಗೆ ಮಾಡಿದರೆ ಎಯ್ಲಾತಿಗೆ ಬಸ್ಸೇ ಬೇಕಾಗುವುದಿಲ್ಲ, ಹಾರಿಯೇ ಹೋಗಬಹುದು ಎಂದ ಆಮ್ರಾಮ್. ಅಷ್ಟು ಕೆಟ್ಟ ರುಚಿ, ಒಂದನ್ನು ನುಂಗುವುದೇ ಕಷ್ಟ ಎಂದ ಝಲ್ಮನ್. ಕೊನೆಗೆ ಪ್ನೀನಾ ಧರ್ಮಗುರು ರಬ್ಬಿಗೆ ಫೋನು ಹಚ್ಚಿ, ಇಡೀ ಮೆಟ್ಟಿಲಿಗೆ ಕೇಳುವಂತೆ ಹಿಡಿದಳು.

"ರಬ್ಬಿಗಳೇ, ಒಂದು ಬಿಸ್ಕತ್ತು ಇದೆ. ತುಂಬ ಕೆಟ್ಟ ರುಚಿಯಂತೆ."

ರಬ್ಬಿಗೆ ಅಂದು ನೂರು ಅಡಿಗೆಮನೆಗಳ ಚಿಂತೆ. "ಎಷ್ಟು ಕೆಟ್ಟದು? ನಾಯಿನೂ ಮೂಸಿ ಬಿಡೋ ಹಾಗಿದ್ರೆ ಅದು ತಿನಿಸೇ ಅಲ್ಲಮ್ಮ. ಇಟ್ಕೊಳ್ಳಬಹುದು," ಎಂದು ಫೋನು ಇಟ್ಟರು.

ಝಲ್ಮನ್ನನ ಮುಖ ಅರಳಿತು. "ಚಪ್ಪಲಿ ಅಟ್ಟೆ ಥರ ಇದೆ! ಯಾವ ನಾಯಿನೂ ಮುಟ್ಟಲ್ಲ."

ಮೂವರೂ ಬೂಬಾಳತ್ತ ತಿರುಗಿದರು.

"ಬೇರೆ ವ್ಯಕ್ತಿಗೆ ಕೊಡಬಾರದು ಅಂತಲ್ವಾ?" ಎಂದು ಝಲ್ಮನ್ ಅನುಮಾನಿಸಿದ.

ಆಮ್ರಾಮ್ ಕಾನೂನನ್ನು ಮನಸ್ಸಿನಲ್ಲೇ ತಿರುವಿ ಹಾಕಿದ. "ವ್ಯಕ್ತಿಗೆ ತಾನೆ? ನಾಯಿ ವ್ಯಕ್ತಿ ಅಲ್ಲ. ಸುಮ್ನೆ ಮೂತಿ ಹತ್ರ ಹಿಡಿ. ಮೂಸ್ತಾಳೆ, ತರಬೇತಿ ಪ್ರಕಾರ ಕೂತ್ಕೋತಾಳೆ, ಅಷ್ಟೇ."

ಆದರೆ ಬೂಬಾಳಿಗೂ ಒಂದು ಮನಸ್ಸಿದೆ ಎಂದು ಯಾರೂ ಯೋಚಿಸಿರಲಿಲ್ಲ. ಸರ್ವಿಸ್ ಪೂರ್ತಿ ಅವಳು ಈ ವಾಸನೆಯನ್ನು ಸೂಟ್‌ಕೇಸುಗಳಲ್ಲಿ, ಟೈರುಗಳಲ್ಲಿ, ಅಜ್ಜಿಯರ ದಿಂಬುಗಳಲ್ಲಿ ಹುಡುಕಿ ಕೊಟ್ಟಿದ್ದಳು. ಪ್ರತಿಸಲವೂ ಮಾಲು ಸಾಹೇಬರಿಗೆ, ರಬ್ಬರ್ ಚೆಂಡು ಅವಳಿಗೆ. ಅಂದು ಅವಳು ಕೂರಲಿಲ್ಲ. ಬಿಸ್ಕತ್ತನ್ನು ಬೆರಳ ಸಮೇತ ಬಾಯಿಗೆ ಹಾಕಿಕೊಂಡಳು. ಝಲ್ಮನ್ ಕಿರುಚಿ ಕೈ ಎಳೆದುಕೊಂಡ, ಡಬ್ಬಿ ಉರುಳಿತು, ಬಿಸ್ಕತ್ತುಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿದವು, ಹಿಂದೆಯೇ ಬೂಬಾ ಇಳಿದಳು. ಬಗ್ಗಿ ಹೆಕ್ಕಲು ಝಲ್ಮನ್ನನಿಗೆ ಬೆನ್ನು ಬಿಡಲಿಲ್ಲ. ಆಮ್ರಾಮ್ ಕೊರಳಪಟ್ಟಿ ಹಿಡಿಯುವಷ್ಟರಲ್ಲಿ ಅವಳು ಕೆಳಗಿನ ಮೆಟ್ಟಿಲಿನ ಪುಡಿ ನೆಕ್ಕುತ್ತಿದ್ದಳು.

"ಅಲ್ಲಿಗೆ ಅದು ತಿನಿಸೇ ಅಂತ ಆಯ್ತು," ಎಂದಳು ಪ್ನೀನಾ ತೃಪ್ತಿಯಿಂದ. "ಸುಡೋ ಕಷ್ಟನೂ ತಪ್ಪಿತು. ಹಬ್ಬದ ಶುಭಾಶಯ."

"ಖಾಲಿ ಡಬ್ಬಿ ಇಲ್ಲಿ ಬಿಸಾಕಬೇಡ," ಎಂದು ಆಮ್ರಾಮ್ ಎಚ್ಚರಿಸಿದ. "ನಿನ್ನ ಹೆಸರು, ಲೈಸೆನ್ಸ್ ನಂಬರು ಎಲ್ಲಾ ಇದೆ. ಯಾರಾದ್ರೂ ಕಳ್ಳಮಾಲು ತುಂಬಿದ್ರೆ ನಿನ್ನ ತಲೆಗೇ ಬರುತ್ತೆ. ಜೇಬಲ್ಲಿ ಇಟ್ಕೊ." ಝಲ್ಮನ್ ಇಟ್ಟುಕೊಂಡ. ನಿಯಮ ಎಂದರೆ ಅವನು ಎಂದೂ ಎದುರಾಡಿದವನಲ್ಲ.

ಅವನು ಬೀದಿಗೆ ಇಳಿದಾಗ ಪ್ನೀನಾ ಕಿಟಕಿಯಿಂದ ಕೂಗಿದಳು. "ಝಲ್ಮನ್! ರಬ್ಬಿಗಳು ವಾಪಸ್ ಫೋನ್ ಮಾಡಿದ್ರು, ನಡೆದದ್ದೆಲ್ಲ ಹೇಳಿದೆ! ರೋಗಿಯ ಔಷಧಿ ಅಂತ ಮೊದಲೇ ಹೇಳಬಾರದಾಗಿತ್ತಾ ಅಂತ ಬೈದರು. ಔಷಧಿ ಆದ್ರೆ ಪರೀಕ್ಷೆನೇ ಬೇಕಿರಲಿಲ್ಲವಂತೆ, ತಗೊಂಡು ಹೋಗಬಹುದಂತೆ!"

ಝಲ್ಮನ್ ಉತ್ತರವಾಗಿ ಹೇಳಿದ್ದನ್ನು ಹಬ್ಬದ ದಿನ ಬರೆಯುವುದು ಬೇಡ.

ಔಷಧಿ ಅಂಗಡಿ ಮುಚ್ಚಿತ್ತು. ಬೆಳಗಿನ ಬಿಸ್ಕತ್ತಿನ ಗುಣ ದಾರಿಯ ಅರ್ಧಕ್ಕೇ ಇಳಿದುಹೋಯಿತು. ಮರುಭೂಮಿಯ ಉದ್ದಕ್ಕೂ ಝಲ್ಮನ್ ಬಸ್ಸಿನ ಕಂಬಿ ಹಿಡಿದು, ಒಂಟಿ ಕಾಲಿನಲ್ಲಿ, ಬೆವರುತ್ತಾ ನಿಂತ. ಪಕ್ಕದ ಸೀಟಿನವರು ಕೂತ್ಕೊಳ್ಳಿ ಅಂದರು, ಇವನು ಆಗಲ್ಲ ಅಂದ. ಸೀಟು ಖಾಲಿ ಇದ್ದೂ ನಿಂತು ಬೆವರುವ ಮುದುಕನನ್ನು ಕಂಡರೆ ಯಾರಿಗೆ ತಾನೆ ಅನುಮಾನ ಬಾರದು? ಎಯ್ಲಾತಿನ ಹೊರಗೆ ಪೊಲೀಸರು ಬಸ್ಸು ತಡೆದು ಹತ್ತಿದಾಗ ಅವರ ನಾಯಿ ನೆಟ್ಟಗೆ ಬಂದು ಅವನ ಕಾಲ ಬಳಿ ಕೂತಿತು. ಈ ನಾಯಿ ಇನ್ನೂ ನಿಯತ್ತಿನದು.

ಝಲ್ಮನ್ನನಿಗೆ ಭಯವಾಗಲಿಲ್ಲ, ಬದಲಿಗೆ ಹೆಮ್ಮೆಯೆನಿಸಿತು. ಲೈಸೆನ್ಸು ಕೊಟ್ಟ, ಗುರುತಿನ ಚೀಟಿ ಕೊಟ್ಟ, ಡಬ್ಬಿ ಕೊಟ್ಟ. ಅಧಿಕಾರಿ ಓಸ್ನಾತ್ ಎಲ್ಲವನ್ನೂ ಓದಿ ತಲೆದೂಗಿದಳು.

"ಎಲ್ಲಾ ಸರಿಯಾಗಿದೆ. ನಿಮ್ಮಂಥ ಶಿಸ್ತಿನ ರೋಗಿ ನೋಡೇ ಇಲ್ಲ." ಆಮೇಲೆ ಡಬ್ಬಿ ತೆರೆದಳು. "ಔಷಧಿ ಎಲ್ಲಿ?"

"ಇಲ್ಲ."

"ನಿನ್ನೆ ಕೊಂಡಿದ್ದು, ತಿಂಗಳಿಗಾಗೋ ಅಷ್ಟು. ಇವತ್ತು ಖಾಲಿ. ಯಾರಿಗೆ ಮಾರಿದ್ರಿ?"

"ನಾಯಿ ತಿಂತು."

ಬಸ್ಸಿಗೆ ಬಸ್ಸೇ ನಕ್ಕಿತು. "ಹೋಂವರ್ಕ್ ಮಾಡದಿದ್ರೆ ನನ್ನ ಮಗನೂ ಇದನ್ನೇ ಹೇಳ್ತಾನೆ," ಎಂದಳು ಓಸ್ನಾತ್. "ಔಷಧಿ ಇದ್ದಿದ್ರೆ ನಮಸ್ಕಾರ ಹೇಳಿ ಕಳಿಸ್ತಿದ್ದೆ. ಇಲ್ಲ ಅನ್ನೋದೇ ತೊಂದರೆ. ಇಳೀರಿ."

ಠಾಣೆಯಿಂದ ಫೋನುಗಳು ಹೋದವು. ಅಳಿಯನ ಮನೆಯಲ್ಲೂ ಪ್ನೀನಾಳ ಮನೆಯಲ್ಲೂ ಹಬ್ಬದ ಸಲುವಾಗಿ ಫೋನು ಆರಿಸಿಟ್ಟಿದ್ದರು. ಆಮ್ರಾಮ್ ಎತ್ತಿದ.

"ನನ್ನ ಬೂಬಾ? ಗಾಂಜಾ ತಿನ್ನೋದಾ?" ನಿವೃತ್ತ ನಾಯಿಗೆ ಇಲಾಖೆ ಇನ್ನೂ ತಿಂಗಳು ತಿಂಗಳು ಮಾಂಸ ಕಳಿಸುತ್ತಿತ್ತು. ಅದು ನಿಂತುಹೋದರೆ ಯಾರು ಕೊಡುತ್ತಾರೆ? "ಸಾಧ್ಯವೇ ಇಲ್ಲ ಮೇಡಂ. ಪದಕ ಬಂದಿರೋ ನಾಯಿ. ಆ ಮನುಷ್ಯನ ಬಗ್ಗೆ ನನಗೆ ಮೊದಲಿಂದಲೂ ಅನುಮಾನ."

"ಅಲ್ಲಿ ಗೊರಕೆ ಸದ್ದು ಕೇಳ್ತಿದೆಯಲ್ಲ?"

"ಅದು ನನ್ನ ಹೆಂಡತಿ," ಎಂದ ಆಮ್ರಾಮ್.

ಕತ್ತಲಾಯಿತು, ಹಬ್ಬ ಶುರುವಾಯಿತು. ಹಬ್ಬ ಕಳೆಯುವವರೆಗೆ ಬಿಡುವವರು ಯಾರೂ ಇರಲಿಲ್ಲ. ಓಸ್ನಾತ್ ಕೆಟ್ಟವಳಲ್ಲ. ಠಾಣೆಯ ಮೇಜಿಗೆ ಬಿಳಿ ಬಟ್ಟೆ ಹಾಸಿ, ಹುದುಗಿಲ್ಲದ ರೊಟ್ಟಿ, ದ್ರಾಕ್ಷಾರಸ ಇಟ್ಟು, "ಕೂತ್ಕೊಳ್ಳಿ ತಾತ," ಎಂದಳು. "ಆಗಲ್ಲಮ್ಮ," ಎಂದ ಝಲ್ಮನ್. ಗೋಡೆಗೆ ಒರಗಿ ನಿಂತು, ನೋಗಾ ಈಗ ಬಾಯಿ ಬಿಗಿದುಕೊಂಡು ಕೂತಿರುತ್ತಾಳೆ ಎಂದು ನೆನೆಸಿಕೊಂಡ. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ.

ಠಾಣೆಯಲ್ಲಿ ಎಲ್ಲರಿಗಿಂತ ಕಿರಿಯ ಪೇದೆ ಪದ್ಧತಿಯಂತೆ ಎದ್ದು ನಿಂತ. ಗಂಟಲು ಸರಿಮಾಡಿಕೊಂಡು, ಪೆನ್ನು ತೆಗೆದು, ಝಲ್ಮನ್ನನನ್ನು ಪ್ರಶ್ನೆ ಕೇಳಲು ಶುರುಮಾಡಿದ. ನಾಲ್ಕಕ್ಕೆ ನಿಲ್ಲಿಸಲಿಲ್ಲ.